ತುಕ್ಕು ಹಿಡಿದ ಕತ್ತಿ: ವಾರೆನ್ ಮನೆತನದ ಜಮೀನು ನಿಜಕ್ಕೂ ಕತ್ತಿಯಿಂದ ಬಂದದ್ದಾ?

ಕಡತಪ್ರಿಯ

ಎಲ್ಲರಿಗೂ ನಮಸ್ಕಾರ. ಏಳು ವರ್ಷದಿಂದ ಬ್ರೈಟನ್‌ನಲ್ಲಿದ್ದೇನೆ. ಪಕ್ಕದ ಲೂಯಿಸ್ ಊರಿನ ಕೋಟೆ ನೋಡಿದ ದಿನದಿಂದ ಅದನ್ನು ಕಟ್ಟಿಸಿದ ನಾರ್ಮನ್ ಸರದಾರನ ಬಗ್ಗೆ ಓದುತ್ತಿದ್ದೇನೆ. ಹೆಸರು ವಿಲಿಯಂ ಡಿ ವಾರೆನ್. ಉತ್ತರ ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದು ದೊರೆಯಾದ 1066ರ ಹೇಸ್ಟಿಂಗ್ಸ್ ಯುದ್ಧದಲ್ಲಿ ಅವನ ಜೊತೆ ಇದ್ದವನು. ಆ ಯುದ್ಧದಲ್ಲಿ ತಮ್ಮ ಪೂರ್ವಜರೂ ಇದ್ದರು ಎಂದು ಹೇಳಿಕೊಂಡ ಮನೆತನಗಳು ನೂರಾರು. ಆದರೆ ಆ ಕಾಲದ ಬರಹದಲ್ಲೇ ಹೆಸರು ಸಿಗುವವರು ತುಂಬಾ ಕಡಿಮೆ. ವಾರೆನ್ ಅವರಲ್ಲಿ ಒಬ್ಬ.

ಅವನ ಆರನೇ ತಲೆಮಾರಿನವನು ಜಾನ್ ಡಿ ವಾರೆನ್. ಅವನ ಕಾಲದಲ್ಲಿ ದೊರೆ ಒಂದನೇ ಎಡ್ವರ್ಡ್ ಒಂದು ದೊಡ್ಡ ವಿಚಾರಣೆ ಶುರು ಮಾಡಿದ. ಯಾವ ಅಧಿಕಾರದಿಂದ ಈ ಹಕ್ಕುಗಳನ್ನು ಅನುಭವಿಸುತ್ತಿದ್ದೀರಿ, ಪತ್ರ ತೋರಿಸಿ ಎಂದು ಸರದಾರರನ್ನೆಲ್ಲ ಕೇಳಿದರು. ಆಗ ಜಾನ್ ಒಂದು ಹಳೆಯ, ತುಕ್ಕು ಹಿಡಿದ ಕತ್ತಿಯನ್ನು ನ್ಯಾಯಾಧೀಶರ ಮುಂದೆ ಹಿಡಿದನಂತೆ. ನನ್ನ ಹಿರಿಯರು ವಿಲಿಯಂ ಜೊತೆ ಬಂದು ಕತ್ತಿಯಿಂದ ಗೆದ್ದ ಭೂಮಿ ಇದು, ಇದೇ ನನ್ನ ಪತ್ರ ಎಂದನಂತೆ. ಗಿಸ್ಬರೋ ಮಠದ ವಾಲ್ಟರ್ ಎಂಬವನ ವೃತ್ತಾಂತದಲ್ಲಿ ಈ ಕಥೆ ಇದೆ. ನಡೆದದ್ದೋ ಕಟ್ಟಿದ್ದೋ ಎಂದು ಇತಿಹಾಸಕಾರರಲ್ಲಿ ಅನುಮಾನವಿದೆ. ಆದರೂ ಕಥೆ ಗಟ್ಟಿಯಾಗಿ ನಿಂತುಬಿಟ್ಟಿದೆ.

ನನಗೆ ಅನಿಸುವುದು ಬೇರೆ. ಮೊದಲನೇ ವಾರೆನ್‌ನ ಹಿಡುವಳಿಯನ್ನು ಒಂದೊಂದು ತುಂಡಾಗಿ ತೆಗೆದು ನೋಡಿದರೆ, ಬರೀ ಕತ್ತಿಯಿಂದ ಬಂದ ತುಂಡು ಒಂದೂ ಸಿಗುವುದಿಲ್ಲ. ಒಡೆಯನ ಪಕ್ಕದಲ್ಲಿ ಸರಿಯಾದ ಹೊತ್ತಿಗೆ ನಿಂತದ್ದಕ್ಕೆ ಬಂದದ್ದಿದೆ. ನಂಟಿನಿಂದ ಬಂದದ್ದಿದೆ. ಕಳೆದುಕೊಂಡದ್ದಕ್ಕೆ ಬದಲಿಯಾಗಿ ಬಂದದ್ದೂ ಇದೆ.

ಮೊದಲ ತುಂಡು ಇಂಗ್ಲೆಂಡಿನದೇ ಅಲ್ಲ. ನಾರ್ಮಂಡಿಯ ಉತ್ತರ ಭಾಗದಲ್ಲಿ ವರೆನ್ ಎಂಬ ನದಿ ಇದೆ, ಅದರ ದಡದ ಊರಿನಿಂದಲೇ ಮನೆತನದ ಹೆಸರು. ಇವನು ಕಿರಿಯ ಮಗ. ದೊಡ್ಡ ಆಸ್ತಿ ಬರುವ ಹಾಗಿರಲಿಲ್ಲ. 1054ರಲ್ಲಿ ಫ್ರಾನ್ಸಿನ ದೊರೆಯ ಸೈನ್ಯ ನಾರ್ಮಂಡಿಗೆ ನುಗ್ಗಿತು. ಮಾರ್ಟಿಮೆರ್ ಎಂಬಲ್ಲಿ ನಾರ್ಮನ್ನರು ಅದನ್ನು ಸೋಲಿಸಿದರು. ಅಲ್ಲಿನ ಕೋಟೆಯ ಒಡೆಯ ರೋಜರ್, ವಾರೆನ್‌ಗೆ ಬಂಧು. ಈ ರೋಜರ್ ಶತ್ರು ಪಕ್ಷದ ಕೌಂಟ್ ರಾಲ್ಫ್‌ನನ್ನು ತನ್ನ ಕೋಟೆಯಲ್ಲೇ ಮೂರು ದಿನ ಇಟ್ಟುಕೊಂಡು, ಆಮೇಲೆ ಸುರಕ್ಷಿತವಾಗಿ ಕಳಿಸಿಕೊಟ್ಟ. ಹಿಂದೆ ಅವನಿಗೆ ನಿಷ್ಠೆಯ ಮಾತು ಕೊಟ್ಟಿದ್ದ, ಅದಕ್ಕೆ. ಡ್ಯೂಕ್ ಸಿಟ್ಟಾಗಿ ರೋಜರ್‌ನನ್ನು ಓಡಿಸಿ, ಕೋಟೆಯನ್ನು ವಾರೆನ್ ಕೈಗೆ ಕೊಟ್ಟ. ಆಮೇಲೆ ರಾಜಿಯಾಗಿ ರೋಜರ್‌ಗೆ ಉಳಿದ ಜಮೀನು ವಾಪಸ್ ಬಂತು, ಮಾರ್ಟಿಮೆರ್ ಕೋಟೆ ಮಾತ್ರ ಬರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡವನ ಕೋಟೆ ಇವನಿಗೆ ಬಂತು. ಇದನ್ನು ಓದಿದಾಗ ನನಗೆ ರೋಜರ್ ಮೇಲೆಯೇ ಮರುಕ ಹುಟ್ಟಿತು.

ಇಂಗ್ಲೆಂಡಿನ ಭಾಗ ನಾಳೆ ಬರೆಯುತ್ತೇನೆ. ಈ ವಿಷಯ ಗೊತ್ತಿದ್ದವರು ದಯವಿಟ್ಟು ಸೇರಿಕೊಳ್ಳಿ.

ತುಂಗಾತೀರ

ತುಂಬಾ ಚೆನ್ನಾಗಿದೆ. ರೋಜರ್ ಮನೆಯವರು ಊರು ಕಳೆದುಕೊಂಡರೂ ಹೆಸರು ಬಿಡಲಿಲ್ಲ ಅಲ್ವಾ? ಮುಂದೆ ಇಂಗ್ಲೆಂಡ್–ವೇಲ್ಸ್ ಗಡಿಯ ವಿಗ್ಮೋರ್‌ನಲ್ಲಿ ನೆಲೆ ನಿಂತು ದೊಡ್ಡವರಾದ ಮಾರ್ಟಿಮರ್‌ಗಳು ಅವರೇ. ಕೋಟೆ ಒಬ್ಬರ ಪಾಲು, ಅದರ ಹೆಸರು ಇನ್ನೊಬ್ಬರ ಪಾಲು.

ನನಗೆ ಗುಂಡ್ರಾಡ ಬಗ್ಗೆ ಜಾಸ್ತಿ ಕುತೂಹಲ. ಅವನ ಹೆಂಡತಿ. ಅವಳನ್ನು ಮರೆಯಬೇಡಿ.

ಸರ್ವೆ ನಂಬರ್

ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದು ಮೂಲ ಪ್ರಶ್ನೆ. ಸುಮಾರು ಒಂಬತ್ತು ನೂರೈವತ್ತು ವರ್ಷದ ಹಿಂದಿನ ಹಿಡುವಳಿ ಇಷ್ಟು ನಿಖರವಾಗಿ ಹೇಗೆ ಗೊತ್ತಾಗುತ್ತದೆ? ಅಳತೆ ಯಾವುದು, ತೆರಿಗೆ ಯಾವುದರ ಮೇಲೆ, ಖಾತೆ ಯಾರ ಹೆಸರಿಗೆ? ಅದು ಗೊತ್ತಾಗದೆ ಮುಂದಿನದು ನನಗೆ ಹತ್ತುವುದಿಲ್ಲ.

ಕಡತಪ್ರಿಯ

ಸರ್, ನಿಮ್ಮಂಥವರು ಬಂದದ್ದು ಬಹಳ ಖುಷಿ. ಉತ್ತರ ಡೂಮ್ಸ್‌ಡೇ ಕಡತ. 1085ರ ಕ್ರಿಸ್‌ಮಸ್‌ಗೆ ಗ್ಲೌಸ್ಟರ್‌ನಲ್ಲಿ ದೊರೆ ವಿಲಿಯಂ ಅಪ್ಪಣೆ ಕೊಟ್ಟ. 1086ರಲ್ಲಿ ಇಂಗ್ಲೆಂಡಿನ ಬಹುಪಾಲು ಊರುಗಳ ವಿಚಾರಣೆ ನಡೆಯಿತು. ದೊಡ್ಡದೊಂದು ಪಹಣಿ ಎಂದುಕೊಳ್ಳಿ. ಒಂದು ವ್ಯತ್ಯಾಸ: ಅದರಲ್ಲಿ ಸರ್ವೆ ನಕ್ಷೆ ಇಲ್ಲ. ಚೈನು ಹಿಡಿದು ಅಳೆದದ್ದಲ್ಲ, ಊರಿನವರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳಿ ಬರೆದದ್ದು.

ತೆರಿಗೆಯ ಲೆಕ್ಕ ‘ಹೈಡ್’ ಎಂಬ ಘಟಕದಲ್ಲಿ. ಹೆಸರಿಗೆ ಒಂದು ಹೈಡ್ ಅಂದರೆ 120 ಎಕರೆ. ಆದರೆ ಅದು ನೆಲದ ಅಳತೆಗಿಂತ ತೆರಿಗೆಯ ಪಾಲು ಎಂದರೆ ಸರಿ. ನಿಜವಾದ ಸಾಗುವಳಿ ಎಷ್ಟು ಎಂದು ತಿಳಿಯಲು ನೇಗಿಲು ಎಣಿಸಿದರು. ಒಂದು ನೇಗಿಲು ಅಂದರೆ ಎಂಟು ಎತ್ತು. ಜೊತೆಗೆ ಒಕ್ಕಲು ಎಷ್ಟು, ಗುಲಾಮರು ಎಷ್ಟು, ಗಿರಣಿ ಎಷ್ಟು, ಹಂದಿ ಮೇಯುವ ಕಾಡು ಎಷ್ಟು, ಉಪ್ಪಿನ ಮಡಿ ಎಷ್ಟು.

ಬೆಲೆ ಮೂರು ಕಾಲದ್ದು ಕೇಳಿದರು: 1066ರಲ್ಲಿ ತೀರಿಕೊಂಡ ಹಳೆಯ ದೊರೆ ಎಡ್ವರ್ಡ್ (ಮೇಲೆ ಹೇಳಿದ ಒಂದನೇ ಎಡ್ವರ್ಡ್ ಅಲ್ಲ) ಕಾಲದಲ್ಲಿ ಎಷ್ಟು, ಈಗಿನವನ ಕೈಗೆ ಬಂದಾಗ ಎಷ್ಟು, ಈಗ ಎಷ್ಟು. ಹಾಗೆಯೇ 1066ರ ಮೊದಲು ಯಾರದ್ದು, ಈಗ ಯಾರದ್ದು ಎಂದೂ ಇದೆ. ಕಳೆದುಕೊಂಡವರ ಹೆಸರು ಪಡೆದವರ ಹೆಸರಿನ ಪಕ್ಕದಲ್ಲೇ ಇದೆ. ಖಾತೆಯ ವಿಷಯ: ಎಲ್ಲ ಭೂಮಿಯೂ ಕೊನೆಗೆ ದೊರೆಯದ್ದೇ. ವಾರೆನ್‌ನಂಥವರು ಅದನ್ನು ದೊರೆಯಿಂದ ನೇರವಾಗಿ ಹಿಡಿದವರು. ನಮ್ಮ ಮಾತಲ್ಲಿ ಹೇಳುವುದಾದರೆ ದಂಡಿಗೆ ಸವಾರರನ್ನು ಕಳಿಸುವ ಶರತ್ತಿನ ಉಂಬಳಿ. ಅವರ ಕೈಕೆಳಗೆ ಸಣ್ಣ ಸರದಾರರು, ಅವರ ಕೆಳಗೆ ಒಕ್ಕಲು.

ಸರ್ವೆ ನಂಬರ್

ಈಗ ಸ್ಪಷ್ಟವಾಯಿತು. ಮೂರು ಕಾಲದ ಬೆಲೆ ಕೇಳಿದ್ದು ಬಹಳ ಜಾಣತನದ ಕೆಲಸ. ನಡುವಿನ ಅಂಕಿ ಬಿದ್ದಿದ್ದರೆ ಅಲ್ಲಿ ಏನೋ ಅನಾಹುತ ಆಗಿದೆ ಎಂದು ತಾನಾಗಿಯೇ ಗೊತ್ತಾಗುತ್ತದೆ. ಮುಂದುವರಿಸಿ.

ಕಡತಪ್ರಿಯ

ಹೌದು ಸರ್. ಹೇಸ್ಟಿಂಗ್ಸ್ ಸುತ್ತಲಿನ ಊರುಗಳಲ್ಲಿ ಆ ನಡುವಿನ ಜಾಗದಲ್ಲಿ ‘ಹಾಳು’ ಎಂಬ ಅರ್ಥದ ಲ್ಯಾಟಿನ್ ಪದವೇ ಎಷ್ಟೋ ಕಡೆ ಇದೆ. ಸೈನ್ಯ ಹಾದುಹೋದ ದಾರಿ ಅದು.

ಈಗ ಸಸೆಕ್ಸ್. ನಾರ್ಮಂಡಿಯಿಂದ ಬರುವ ಹಡಗು ಮೊದಲು ಮುಟ್ಟುವ ಕರಾವಳಿ. ಇದನ್ನು ಬೇರೆಯವರ ಕೈಗೆ ಬಿಡುವ ಹಾಗಿರಲಿಲ್ಲ. ಅದಕ್ಕೆ ದೊರೆ ಇಡೀ ಜಿಲ್ಲೆಯನ್ನು ದಕ್ಷಿಣೋತ್ತರ ಪಟ್ಟಿಗಳಾಗಿ ಸೀಳಿ ನಂಬಿಕೆಯ ಐವರಿಗೆ ಕೊಟ್ಟ. ಪಶ್ಚಿಮದಿಂದ ಹೇಳಿದರೆ ಅರುಂಡೆಲ್ ಮಾಂಟ್‌ಗೊಮರಿಯ ರೋಜರ್‌ಗೆ, ಬ್ರಾಂಬರ್ ವಿಲಿಯಂ ಡಿ ಬ್ರಿಯೋಜ್‌ಗೆ, ಲೂಯಿಸ್ ನಮ್ಮ ವಾರೆನ್‌ಗೆ, ಪೆವೆನ್ಸಿ ದೊರೆಯ ಮಲತಮ್ಮ ರಾಬರ್ಟ್‌ಗೆ, ಹೇಸ್ಟಿಂಗ್ಸ್ ಯೂ ಊರಿನ ಕೌಂಟ್‌ಗೆ. ಪ್ರತಿ ಪಟ್ಟಿಗೂ ಒಂದಷ್ಟು ಸಮುದ್ರ, ಒಂದು ಕೋಟೆ, ಒಳಗೆ ಹೋದಂತೆ ಸುಣ್ಣಕಲ್ಲಿನ ಗುಡ್ಡ, ಅದರಾಚೆ ಕಾಡು. ಲೂಯಿಸ್ ಕೋಟೆಗೆ ಒಂದೇ ಆವರಣದಲ್ಲಿ ಎರಡು ಮಣ್ಣಿನ ದಿಬ್ಬ. ಹಾಗಿರುವ ಇನ್ನೊಂದು ಕೋಟೆ ಲಿಂಕನ್‌ನಲ್ಲಿದೆ.

ಲೂಯಿಸ್ ಆಗಲೇ ವ್ಯಾಪಾರದ ಊರು. ಕಡತದಲ್ಲಿ ಅಲ್ಲಿನ ಸುಂಕ ಬರೆದಿದ್ದಾರೆ. ಕುದುರೆ ಮಾರಿದರೆ ಮಾರಿದವನೂ ಕೊಂಡವನೂ ಒಂದೊಂದು ಪೆನ್ನಿ ಕೊಡಬೇಕು. ಎತ್ತಿಗೆ ಅರ್ಧ ಪೆನ್ನಿ. ಮನುಷ್ಯನಿಗೆ ನಾಲ್ಕು ಪೆನ್ನಿ. ಕುದುರೆ, ಎತ್ತು, ಮನುಷ್ಯ, ಒಂದೇ ಸಾಲಿನಲ್ಲಿ. ನಾನು ವಾರಕ್ಕೊಮ್ಮೆ ತರಕಾರಿ ತರಲು ಹೋಗುವ ಊರಿನಲ್ಲಿ ಆಗ ಮನುಷ್ಯರನ್ನು ಮಾರುತ್ತಿದ್ದರು. ಆ ಸಾಲು ಓದಿ ಆ ದಿನ ಮುಂದೆ ಓದಲು ಆಗಲಿಲ್ಲ.

ನಾನಿರುವ ಬ್ರೈಟನ್ ಕೂಡ ಅವನ ಪಟ್ಟಿಯದ್ದೇ. ಮೂರು ಹಿಡುವಳಿಯಾಗಿ ಅವನ ಕೈಕೆಳಗಿನವರು ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಒಂದರ ಗೇಣಿ 4,000 ಹೆರಿಂಗ್ ಮೀನು. ಪಕ್ಕದ ಪ್ಯಾಚಮ್‌ನಲ್ಲಿ 10 ಮಂದಿ ಕುರುಬರನ್ನು ಬೇರೆಯಾಗಿಯೇ ಬರೆದಿದ್ದಾರೆ. ಪ್ಯಾಚಮ್ 1066ರ ಮೊದಲು ಹೇಸ್ಟಿಂಗ್ಸ್‌ನಲ್ಲಿ ಸತ್ತ ಇಂಗ್ಲಿಷ್ ದೊರೆ ಹೆರಾಲ್ಡ್‌ನದ್ದು.

ಹೊಸ ಓದುಗ

ಅಣ್ಣ, ಒಂದು ಸಂದೇಹ. ಹೇಸ್ಟಿಂಗ್ಸ್‌ನಲ್ಲಿ ಹೆರಾಲ್ಡ್ ಸತ್ತ, ಅವನ ಪ್ಯಾಚಮ್ ವಾರೆನ್‌ಗೆ ಬಂತು. ಹಾಗಾದರೆ ಅದು ಕತ್ತಿಯಿಂದ ಗೆದ್ದದ್ದೇ ಅಲ್ಲವಾ? ಜಾನ್ ಹೇಳಿದ್ದು ಸುಳ್ಳು ಹೇಗಾಗುತ್ತದೆ?

ಕಡತಪ್ರಿಯ

ಒಳ್ಳೆಯ ಪ್ರಶ್ನೆ ತಮ್ಮಾ. ಯುದ್ಧ ಇಲ್ಲದಿದ್ದರೆ ಏನೂ ಸಿಗುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಗೆದ್ದ ನೆಲ ಗೆದ್ದವನ ಕೈಗೆ ಸೀದಾ ಹೋಗಲಿಲ್ಲ. ಮೊದಲು ದೊರೆಯ ಕೈಗೆ ಹೋಯಿತು, ಅವನು ಹಂಚಿದ. ಹಂಚಿದ್ದನ್ನು ವಾಪಸ್ ತೆಗೆದುಕೊಳ್ಳಲೂ ಅವನಿಗೆ ಬರುತ್ತಿತ್ತು. ಇದಕ್ಕೆ ವಾರೆನ್‌ನ ಹಿಡುವಳಿಯಲ್ಲೇ ಸಾಕ್ಷಿ ಇದೆ. ನಾರ್ಫೋಕ್ ಭಾಗದಲ್ಲಿ ಕೆಲವು ಊರುಗಳ ಮುಂದೆ ‘ಲೂಯಿಸ್‌ನ ಬದಲಿಗೆ’ ಎಂದು ಬರೆದಿದ್ದಾರೆ. ಬ್ರಿಯೋಜ್‌ಗೆ ಬ್ರಾಂಬರ್ ಪಟ್ಟಿ ಮಾಡಿಕೊಡಲು ವಾರೆನ್‌ನ ಒಂದಷ್ಟು ಊರು ಕತ್ತರಿಸಿಕೊಂಡರು, ಅದಕ್ಕೆ ಪರಿಹಾರವಾಗಿ ದೂರದ ನಾರ್ಫೋಕ್‌ನಲ್ಲಿ ಕೊಟ್ಟರು ಎಂದು ಇತಿಹಾಸಕಾರರು ಹೇಳುತ್ತಾರೆ. ಕತ್ತಿಯಿಂದ ಗೆದ್ದ ಸ್ವಂತದ್ದಾಗಿದ್ದರೆ ಹೀಗೆ ಅದಲುಬದಲು ಮಾಡಿಸಿಕೊಂಡು ಸುಮ್ನೆ ಇರುತ್ತಿದ್ದನಾ?

ಸರ್ವೆ ನಂಬರ್

ಭೂಸ್ವಾಧೀನ ಮಾಡಿ ಬದಲಿ ಜಮೀನು ಕೊಟ್ಟ ಹಾಗೆ. ಕಡತದಲ್ಲಿ ಕಾರಣವನ್ನೂ ನಮೂದಿಸಿದ್ದಾರೆ, ಅದು ಮುಖ್ಯ. ಮುಂದೆ ತಕರಾರು ಬಂದರೆ ಆ ಒಂದು ಮಾತೇ ಆಧಾರ.

ಕಡತಪ್ರಿಯ

ನಾರ್ಫೋಕ್‌ನ ಮಾತು ಬಂತು, ಅಲ್ಲಿಗೇ ಹೋಗೋಣ. ಅವನ ಜಮೀನಿನ ಬಹಳ ದೊಡ್ಡ ಪಾಲು ಅಲ್ಲಿತ್ತು. ಅದು ಬಂದ ಬಗೆ ವಿಚಿತ್ರ.

ಕ್ಯಾಸಲ್ ಏಕರ್ ಎಂಬ ಊರು. 1066ರ ಮೊದಲು ಟೋಕಿ ಎಂಬ ಇಂಗ್ಲಿಷ್ ಜಮೀನ್ದಾರನದ್ದು. ಟೋಕಿಯ ಜಮೀನು ಫ್ರೆಡ್ರಿಕ್ ಎಂಬವನಿಗೆ ಹೋಯಿತು. ಈ ಫ್ರೆಡ್ರಿಕ್ ವಾರೆನ್‌ನ ಭಾವಮೈದುನ, ಗುಂಡ್ರಾಡಳ ಅಣ್ಣನೋ ತಮ್ಮನೋ. ಸುಮಾರು 1070ರಲ್ಲಿ ಈಲಿ ಜವುಗು ಪ್ರದೇಶದಲ್ಲಿ ನಾರ್ಮನ್ನರ ವಿರುದ್ಧ ಕಾದಾಡುತ್ತಿದ್ದ ಹೆರ್ವರ್ಡ್ ಫ್ರೆಡ್ರಿಕ್‌ನನ್ನು ಕೊಂದ. ಅವನ ಜಮೀನೆಲ್ಲ ವಾರೆನ್‌ಗೆ ಬಂತು. ಡೂಮ್ಸ್‌ಡೇ ಬರೆಯುವ ಹೊತ್ತಿಗೆ ಫ್ರೆಡ್ರಿಕ್ ಸತ್ತು ಹದಿನೈದು ವರ್ಷದ ಮೇಲಾಗಿತ್ತು. ಆದರೂ ‘ಇದು ಫ್ರೆಡ್ರಿಕ್‌ನ ಪಾಲಿನದು’ ಎಂಬ ನೆನಪು ಪುಟಗಳಲ್ಲಿ ಉಳಿದಿದೆ.

ಹೆರ್ವರ್ಡ್ ಮೇಲಿನ ಸೇಡು ವಾರೆನ್‌ಗೆ ಕೊನೆಯವರೆಗೂ ಇತ್ತು ಎನ್ನುತ್ತವೆ ಹೆರ್ವರ್ಡ್‌ನ ಕಥೆಗಳು. ಒಮ್ಮೆ ಎದುರಾದಾಗ ಹೆರ್ವರ್ಡ್ ಬಿಟ್ಟ ಬಾಣಕ್ಕೆ ವಾರೆನ್ ಕುದುರೆಯಿಂದ ಉರುಳಿದನಂತೆ. ಇದು ಕಥೆಯ ಮಾತು, ಅಷ್ಟೇ.

ಕ್ಯಾಸಲ್ ಏಕರ್ ನೋಡಲೇಬೇಕಾದ ಜಾಗ. 1970ರ ದಶಕದಲ್ಲಿ ಅಲ್ಲಿ ಅಗೆದು ನೋಡಿದರು. ಮೊದಲು ಕಟ್ಟಿದ್ದು ಕೋಟೆಯೇ ಅಲ್ಲ, ಕಲ್ಲಿನ ದೊಡ್ಡ ವಾಸದ ಮನೆ ಎಂದು ಗೊತ್ತಾಯಿತು. ಸುತ್ತ ಸಾಧಾರಣ ರಕ್ಷಣೆ ಮಾತ್ರ. ಗೋಡೆ ದಪ್ಪ ಮಾಡಿ ಬುರುಜಿನಂತೆ ಮಾಡಿದ್ದು ಆಮೇಲಿನ ತಲೆಮಾರು. ಸೋತವರ ನಾಡಿನ ನಡುವೆ ಈ ಗಂಡ ಹೆಂಡತಿ ತೆರೆದ ಮನೆ ಕಟ್ಟಿಕೊಂಡಿದ್ದರು.

ಯಾರ್ಕ್‌ಷೈರ್‌ನ ಕಾನಿಸ್‌ಬರೋ ಕೂಡ ಅವನದ್ದೇ, ಅದೂ ಹೆರಾಲ್ಡ್‌ನದ್ದಾಗಿತ್ತು. ಅದಕ್ಕೆ ಸೇರಿದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು. ಈಗ ಅಲ್ಲಿ ಕಾಣುವ ದುಂಡನೆಯ ಎತ್ತರದ ಗೋಪುರ ನೂರು ವರ್ಷದ ನಂತರದ್ದು. ವಾರೆನ್ ಮನೆಯ ಮಗಳು ಇಸಬೆಲ್‌ಳನ್ನು ಮದುವೆಯಾದ ಹ್ಯಾಮಲಿನ್ ಕಟ್ಟಿಸಿದ್ದು.

ಎಲ್ಲ ಸೇರಿದರೆ 1086ರಲ್ಲಿ ವರ್ಷಕ್ಕೆ 1,100 ಪೌಂಡ್‌ಗೂ ಜಾಸ್ತಿ ಹುಟ್ಟುವಳಿ. ಒಂದು ಪೌಂಡ್ ಅಂದರೆ 240 ಬೆಳ್ಳಿಯ ಪೆನ್ನಿ. ರಾಜಮನೆತನ ಮತ್ತು ಚರ್ಚು ಬಿಟ್ಟರೆ ದೇಶದ ಮೊದಲ ಹತ್ತು ಶ್ರೀಮಂತರಲ್ಲಿ ಒಬ್ಬ. ಅದೂ ಕಿರಿಯ ಮಗ.

ತುಂಗಾತೀರ

ಗುಂಡ್ರಾಡ ಬಗ್ಗೆ ನಾನೇ ಬರೆಯುತ್ತೇನೆ. ಎಷ್ಟೋ ಕಡೆ ಅವಳನ್ನು ದೊರೆ ವಿಲಿಯಂನ ಮಗಳು ಎಂದು ಬರೆದಿರುತ್ತಾರೆ. ಅದು ತಪ್ಪು. ಲೂಯಿಸ್ ಮಠದವರು ಮುಂದೆ ತಿದ್ದಿ ಮಾಡಿಕೊಂಡ ಪತ್ರದಿಂದ ಹುಟ್ಟಿದ ನಂಬಿಕೆ. 19ನೇ ಶತಮಾನದಲ್ಲಿ ಇದರ ಮೇಲೆ ದೊಡ್ಡ ವಾದವೇ ನಡೆದು ಕೊನೆಗೆ ಬಿದ್ದುಹೋಯಿತು. ಅವಳು ಫ್ಲಾಂಡರ್ಸ್ ಕಡೆಯವಳು. ಸ್ವಲ್ಪ ದಿನ ಚೆಸ್ಟರ್‌ನ ಅರ್ಲ್ (ದೊರೆಯ ಕೆಳಗಿನ ದೊಡ್ಡ ಸರದಾರನ ಪದವಿ) ಆಗಿದ್ದ ಗೆರ್ಬಾಡ್ ಅವಳ ಒಡಹುಟ್ಟಿದವನು. ಫ್ರೆಡ್ರಿಕ್ ಕೂಡ.

ಸುಮಾರು 1077ರಲ್ಲಿ ಗಂಡ ಹೆಂಡತಿ ರೋಮ್ ಯಾತ್ರೆಗೆ ಹೊರಟರು. ದಾರಿಯಲ್ಲಿ ಚಕ್ರವರ್ತಿಗೂ ಪೋಪ್‌ಗೂ ಜಗಳ, ಮುಂದೆ ಹೋಗಲು ಆಗಲಿಲ್ಲ. ಬರ್ಗಂಡಿಯ ಕ್ಲೂನಿ ಮಠದಲ್ಲಿ ಉಳಿದುಕೊಂಡರು. ಅಲ್ಲಿನ ಶಿಸ್ತು, ಅತಿಥಿಗಳನ್ನು ನೋಡಿಕೊಂಡ ರೀತಿ ಮನಸ್ಸಿಗೆ ಹಿಡಿಸಿತು. ನಮ್ಮೂರಲ್ಲೂ ಒಂದು ಮಠ ಬೇಕು, ಸಾಧುಗಳನ್ನು ಕಳಿಸಿ ಎಂದು ಅಬಟ್, ಅಂದರೆ ಮಠಾಧಿಪತಿ, ಹ್ಯೂಗೆ ಕೇಳಿಕೊಂಡರು. ಅಷ್ಟು ದೂರಕ್ಕೆ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. ಕೊನೆಗೆ ಲ್ಯಾಂಜೊ ಜೊತೆ ಮೂವರನ್ನು ಕಳಿಸಿದ. ಲೂಯಿಸ್‌ನ ಸೇಂಟ್ ಪ್ಯಾಂಕ್ರಾಸ್ ಮಠ ಇಂಗ್ಲೆಂಡಿನ ಮೊದಲ ಕ್ಲೂನಿ ಮಠವಾದದ್ದು ಹೀಗೆ. ಈಗ ಸಸೆಕ್ಸ್ ವಿಶ್ವವಿದ್ಯಾಲಯ ಇರುವ ಫಾಲ್ಮರ್ ಕೂಡ ಆ ಮಠಕ್ಕೆ ಬಿಟ್ಟ ಊರು.

1085ರ ಮೇ 27ರಂದು ಕ್ಯಾಸಲ್ ಏಕರ್‌ನ ಆ ಮನೆಯಲ್ಲೇ ಹೆರಿಗೆಯಲ್ಲಿ ಗುಂಡ್ರಾಡ ತೀರಿಕೊಂಡಳು. ಡೂಮ್ಸ್‌ಡೇ ಕಡತದ ಒಂದು ವರ್ಷ ಮೊದಲು. ಇಷ್ಟು ಜಮೀನಿನ ಲೆಕ್ಕ ಓದುವಾಗ ನನಗೆ ಆ ಮನೆಯೇ ಕಣ್ಣ ಮುಂದೆ ಬರುತ್ತದೆ.

ಕಡತಪ್ರಿಯ

ಮೇಡಂ, ನಾನು ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಧನ್ಯವಾದ.

ಆದರೆ ಧರ್ಮಿಷ್ಠ ಎಂಬ ಚಿತ್ರ ಮಾತ್ರ ಉಳಿಯಬಾರದು. 1075ರಲ್ಲಿ ನಾರ್ಫೋಕ್ ಮತ್ತು ಹೆರ್‌ಫರ್ಡ್‌ನ ಅರ್ಲ್‌ಗಳು ದಂಗೆ ಎದ್ದರು. ದೊರೆ ನಾರ್ಮಂಡಿಯಲ್ಲಿದ್ದ. ದಂಗೆ ಅಡಗಿಸಿದವರಲ್ಲಿ ವಾರೆನ್ ಮತ್ತು ರಿಚರ್ಡ್ ಫಿಟ್ಜ್‌ಗಿಲ್ಬರ್ಟ್ ಮುಖ್ಯರು. ಸೆರೆ ಸಿಕ್ಕವರ ಬಲಗಾಲಿನ ಪಾದ ಕತ್ತರಿಸಿದರು, ಮುಂದೆ ಗುರುತು ಸಿಗಲಿ ಎಂದು. ಆರ್ಡೆರಿಕ್ ವಿಟಾಲಿಸ್ ಎಂಬ ಸಾಧು ಬರೆದಿಟ್ಟಿದ್ದಾನೆ. ಎರಡು ವರ್ಷದ ನಂತರ ಕ್ಲೂನಿಯಲ್ಲಿ ಕೈಮುಗಿದು ನಿಂತವನೂ ಇವನೇ.

ಈಲಿ ಮಠದವರಂತೂ ಅವನನ್ನು ಕ್ಷಮಿಸಲೇ ಇಲ್ಲ. ತಮ್ಮ ಜಮೀನು ನುಂಗಿದ ಎಂಬ ಸಿಟ್ಟು. ಅವನು ಸತ್ತ ರಾತ್ರಿ ದೆವ್ವಗಳು ಅವನ ಆತ್ಮವನ್ನು ಎಳೆದೊಯ್ಯುವ ಕೂಗು ತಮ್ಮ ಅಬಟ್‌ಗೆ ಕೇಳಿಸಿತು ಎಂದು ಬರೆದುಕೊಂಡಿದ್ದಾರೆ. ಅವನ ವಿಧವೆ, ಅಂದರೆ ಎರಡನೇ ಹೆಂಡತಿ, ಈಲಿಗೆ 100 ಷಿಲಿಂಗ್ ಕಳಿಸಿದಳು. ಸಾಧುಗಳು ಮುಟ್ಟಲಿಲ್ಲವಂತೆ.

ಹೊಸ ಓದುಗ

ಸತ್ತದ್ದು ಹೇಗೆ ಅಣ್ಣ? ಸರ್ರೆಯ ಅರ್ಲ್ ಎಂದು ಎಲ್ಲೋ ಓದಿದ್ದೆ. ನೀವು ಸಸೆಕ್ಸ್, ನಾರ್ಫೋಕ್, ಯಾರ್ಕ್‌ಷೈರ್ ಎಲ್ಲ ಹೇಳಿದಿರಿ, ಸರ್ರೆ ಬರಲೇ ಇಲ್ಲ.

ಕಡತಪ್ರಿಯ

ನೀನು ಸರಿಯಾದ ಗಂಟಿಗೇ ಕೈ ಹಾಕಿದೆ. ಡೂಮ್ಸ್‌ಡೇ ಕಡತದ ಸರ್ರೆ ಭಾಗದ ಭೂಮಾಲೀಕರ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ!

1087ರಲ್ಲಿ ದೊರೆ ವಿಲಿಯಂ ಸತ್ತ. ನಾರ್ಮಂಡಿ ಹಿರಿಯ ಮಗ ರಾಬರ್ಟ್‌ಗೆ, ಇಂಗ್ಲೆಂಡ್ ಇನ್ನೊಬ್ಬ ಮಗ ವಿಲಿಯಂ ರೂಫಸ್‌ಗೆ. ಎರಡೂ ಕಡೆ ಜಮೀನು ಇದ್ದವರಿಗೆ ಇದು ದೊಡ್ಡ ಪೇಚು. ಯಾರ ಪಕ್ಷ ಹಿಡಿದರೂ ಒಂದು ಕಡೆಯ ಆಸ್ತಿಗೆ ಕುತ್ತು. 1088ರಲ್ಲಿ ದೊರೆಯ ಚಿಕ್ಕಪ್ಪ ಓಡೋ ರಾಬರ್ಟ್ ಪರವಾಗಿ ದಂಗೆ ಎಬ್ಬಿಸಿದ, ಬಹಳ ದೊಡ್ಡ ಸರದಾರರು ಅವನ ಕಡೆ ಹೋದರು. ವಾರೆನ್ ರೂಫಸ್ ಕಡೆ ನಿಂತ. ಅವನನ್ನು ತನ್ನ ಕಡೆ ಉಳಿಸಿಕೊಳ್ಳಲು ದೊರೆ ಕೊಟ್ಟ ಪದವಿ ಸರ್ರೆಯ ಅರ್ಲ್. ರೈಗೇಟ್ ಮೊದಲಾದ ಸರ್ರೆಯ ಜಮೀನು ಆ ಮನೆತನಕ್ಕೆ ಸೇರಿದ್ದು ಇದರ ನಂತರವೇ.

ಪೆವೆನ್ಸಿ ಕೋಟೆಯ ಮುತ್ತಿಗೆಯಲ್ಲಿ ಅವನಿಗೆ ಬಾಣ ತಗುಲಿತು. ತನ್ನ ಪಟ್ಟಿಯ ಪಕ್ಕದ ಪಟ್ಟಿಯಲ್ಲೇ, ಇಪ್ಪತ್ತೆರಡು ವರ್ಷದ ಹಿಂದೆ ನಾರ್ಮನ್ ಹಡಗುಗಳು ಬಂದು ನಿಂತ ಜಾಗದಲ್ಲೇ. ಲೂಯಿಸ್‌ಗೆ ಹೊತ್ತು ತಂದರು. 1088ರ ಜೂನ್ 24ರಂದು ತೀರಿಕೊಂಡ. ಅರ್ಲ್ ಆಗಿದ್ದು ಕೆಲವೇ ತಿಂಗಳು.

ವಾರೆನ್‌ನ ಮಗ ಎರಡನೇ ವಿಲಿಯಂ 1101ರಲ್ಲಿ, ರೂಫಸ್ ನಂತರ ದೊರೆಯಾದ ಅವನ ತಮ್ಮ ಹೆನ್ರಿಯ ವಿರುದ್ಧ, ರಾಬರ್ಟ್ ಪಕ್ಷ ಹಿಡಿದ, ಇಂಗ್ಲೆಂಡಿನ ಜಮೀನೆಲ್ಲ ಹೋಯಿತು. ಎರಡು ವರ್ಷದ ನಂತರ ದೊರೆ ಹೆನ್ರಿ ಕ್ಷಮಿಸಿ ವಾಪಸ್ ಕೊಟ್ಟ. ಅಪ್ಪ ಎಡವದ ಕಡೆ ಮಗ ಎಡವಿದ. ಜಾನ್ ಕೈಯಲ್ಲಿದ್ದ ಕತ್ತಿಯ ಕಥೆಯಲ್ಲಿ ಈ ಎರಡು ವರ್ಷ ಬರುವುದಿಲ್ಲ.

ಸರ್ವೆ ನಂಬರ್

ನೀವು ಹೇಳಿದ್ದು ಒಪ್ಪುತ್ತೇನೆ, ಒಂದು ಮಾತು ಸೇರಿಸಲೇ? ಜಾನ್ ಕಡೆಯಿಂದಲೂ ನೋಡಿ. ಎರಡು ನೂರು ವರ್ಷ ಉಳುಮೆ, ಗೇಣಿ, ನ್ಯಾಯ ಪಂಚಾಯಿತಿ ಎಲ್ಲ ನಡೆಸಿಕೊಂಡು ಬಂದ ಮನೆಗೆ ಒಂದು ದಿನ ಅಧಿಕಾರಿ ಬಂದು ಮೂಲಪತ್ರ ಕೇಳುತ್ತಾನೆ. 1066ರ ಗಡಿಬಿಡಿಯಲ್ಲಿ ಬಹಳಷ್ಟನ್ನು ಬಾಯಿಮಾತಲ್ಲೇ ಕೊಟ್ಟಿರಬೇಕು. ಪತ್ರ ಎಲ್ಲಿಂದ ತರಬೇಕು? ನನ್ನ ಮೇಜಿನ ಮುಂದೆ ಹಾಗೆ ನಿಂತ ರೈತರನ್ನು ಎಷ್ಟೋ ಸಲ ನೋಡಿದ್ದೇನೆ. ಅಜ್ಜನ ಕಾಲದಿಂದ ಉಳುತ್ತಿದ್ದೇವೆ ಸ್ವಾಮಿ ಎನ್ನುತ್ತಿದ್ದರು. ಕತ್ತಿ ಇರಲಿಲ್ಲ, ಅಷ್ಟೇ.

ಕಡತಪ್ರಿಯ

ಸರ್, ಇದು ನನಗೆ ಹೊಳೆದಿರಲೇ ಇಲ್ಲ. ಆ ದೃಷ್ಟಿಯಿಂದ ಇನ್ನೊಮ್ಮೆ ಓದುತ್ತೇನೆ. ಆ ವಿಚಾರಣೆಯಿಂದ ಬಂದ ಒಂದು ಪರಿಹಾರವೂ ನೀವು ಹೇಳಿದ್ದಕ್ಕೆ ಹತ್ತಿರವಾಗಿದೆ. 1290ರಲ್ಲಿ ಎಡ್ವರ್ಡ್ ಒಂದು ಶಾಸನ ಮಾಡಿದ. ಒಂದನೇ ರಿಚರ್ಡ್ ಪಟ್ಟಕ್ಕೆ ಬಂದ 1189ರಿಂದ ಬಿಡದೆ ಅನುಭವಿಸಿಕೊಂಡು ಬಂದಿದ್ದರೆ ಪತ್ರ ಇಲ್ಲದಿದ್ದರೂ ನಡೆಯುತ್ತದೆ ಎಂದು. ಅನುಭವವೇ ಹಕ್ಕಾಯಿತು.

ತುಂಗಾತೀರ

ಮುಂದಿನ ತಿಂಗಳು ಮಗಳ ಮನೆಗೆ ಲಂಡನ್‌ಗೆ ಬರುತ್ತಿದ್ದೇನೆ. ಗುಂಡ್ರಾಡಳ ಸಮಾಧಿ ನೋಡಬಹುದಾ?

ಕಡತಪ್ರಿಯ

ಖಂಡಿತ ಬನ್ನಿ ಮೇಡಂ. ಇಬ್ಬರನ್ನೂ ಮಠದಲ್ಲೇ ಹೂಳಿದ್ದರು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಜನ ಮಠವನ್ನು ಕೆಡವಿದರು, ಸಮಾಧಿಯ ಗುರುತೂ ಹೋಯಿತು. ಗುಂಡ್ರಾಡಳ ಕಪ್ಪು ಕಲ್ಲಿನ ಚಪ್ಪಡಿ ಇಸ್ಫೀಲ್ಡ್ ಊರಿನ ಚರ್ಚಿನಲ್ಲಿ ಬೇರೆ ಯಾರದ್ದೋ ಗೋರಿಯ ಮೇಲೆ ಕೂತಿತ್ತು. 18ನೇ ಶತಮಾನದಲ್ಲಿ ಗುರುತು ಹಿಡಿದು ಲೂಯಿಸ್‌ನ ಸೌತ್‌ಓವರ್ ಚರ್ಚಿಗೆ ತಂದರು. 1845ರಲ್ಲಿ ರೈಲು ಹಳಿ ಹಾಕಲು ಮಠದ ಜಾಗವನ್ನು ಅಗೆಯುತ್ತಿದ್ದಾಗ ಎರಡು ಸೀಸದ ಪೆಟ್ಟಿಗೆ ಸಿಕ್ಕವು. ಮೂರಡಿ ಉದ್ದವೂ ಇಲ್ಲ. ಹಿಂದೆ ಯಾವಾಗಲೋ ಮೂಳೆಗಳನ್ನು ಆರಿಸಿ ಇಟ್ಟದ್ದು. ಮುಚ್ಚಳದ ಮೇಲೆ ಒಂದರಲ್ಲಿ ಗುಂಡ್ರಾಡ, ಇನ್ನೊಂದರಲ್ಲಿ ವಿಲಿಯಂ ಎಂದು ಕೊರೆದಿತ್ತು. ಆ ಪೆಟ್ಟಿಗೆಗಳೂ ಅದೇ ಚರ್ಚಿನ ಪುಟ್ಟ ಕೋಣೆಯಲ್ಲಿವೆ.

ಲಂಡನ್‌ನಿಂದ ಮೊದಲು ಬ್ರೈಟನ್‌ಗೆ ಬನ್ನಿ, ನಮ್ಮ ಮನೆಯಲ್ಲಿ ಊಟ ಮಾಡಿ ಜೊತೆಯಲ್ಲೇ ಲೂಯಿಸ್ ರೈಲು ಹತ್ತೋಣ. ಲೂಯಿಸ್ ನಿಲ್ದಾಣ ಬರುವ ಸ್ವಲ್ಪ ಮೊದಲು ಆ ರೈಲು ಮಠವಿದ್ದ ಜಾಗದ ಮೇಲೆಯೇ ಹಾದುಹೋಗುತ್ತದೆ. ಬಲಗಡೆ ಕಿಟಕಿಯ ಪಕ್ಕ ಕೂತುಕೊಳ್ಳಿ, ಮುರಿದ ಗೋಡೆಗಳು ಆ ಕಡೆಯೇ ಕಾಣುವುದು.